ಕಥೆ ಹೇಳಿದ್ದು ಪೆನ್ಸಿಲು

ನಾಯಕನ ಮುಖವನ್ನು ತೋರಿಸದೆಯೇ ಅವನ ಹತಾಶೆಯನ್ನೂ ಆ ಹತಾಶೆಯಿಂದ ಹುಟ್ಟುವ ಸಂಕಲ್ಪವನ್ನೂ ಓದುಗನ ಹೃದಯಕ್ಕೆ ಮುಟ್ಟಿಸುವುದು ಸಾಧ್ಯವೆ ಎಂಬ ಪ್ರಶ್ನೆಗೆ ನಾಟಕಕಲೆಯನ್ನು ಬಲ್ಲವರು ಸುಲಭವಾಗಿ ಹೌದೆನ್ನಲಾರರು. ಆದರೆ 1966ರ ಫೆಬ್ರವರಿಯ ಮುದ್ರೆ ಹೊತ್ತು ಅಮೆರಿಕದ ಪತ್ರಿಕೆಯ ಅಂಗಡಿಗಳಲ್ಲಿ 12 ಸೆಂಟಿಗೆ ಮಾರಾಟವಾದ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಕಾಮಿಕ್ಸಿನ 33ನೆಯ ಸಂಚಿಕೆಯ ಮೊದಲ ಐದು ಪುಟಗಳನ್ನು ಒಮ್ಮೆ ಕಂಡವರಿಗೆ ಆ ವಿಷಯದಲ್ಲಿ ಸಂಶಯ ಉಳಿಯದು. ಸೂಪರ್‌ಮ್ಯಾನನಿಗೆ ಮುಸುಕೇ ಇಲ್ಲ. ಬ್ಯಾಟ್‌ಮ್ಯಾನನ ಮುಸುಕು ಬಾಯಿ ಗದ್ದಗಳನ್ನು ಮರೆಮಾಡುವುದಿಲ್ಲ. ತುಟಿಯ ಕೊಂಕಿನಿಂದಲಾದರೂ ಭಾವವನ್ನು ಸೂಚಿಸುವುದಕ್ಕೆ ಕಲಾವಿದನಿಗೆ ಅಲ್ಲಿ ಅವಕಾಶವುಂಟು. ಸ್ಟೀವ್ ಡಿಟ್ಕೊ 1962ರಲ್ಲಿ ರೂಪಿಸಿದ ಸ್ಪೈಡರ್‌ಮ್ಯಾನನಿಗಾದರೋ ನೆತ್ತಿಯಿಂದ ಕೊರಳವರೆಗೆ ಬಲೆಯ ಗೆರೆಗಳುಳ್ಳ ಕೆಂಪು ಮುಸುಕು, ಆ ಮುಸುಕಿನಲ್ಲಿ ರೆಪ್ಪೆಯಿಲ್ಲದ ಎರಡು ಬಿಳಿಯ ಕಣ್ಣುಗಳು. ಭಾವಕ್ಕೆ ಬಾಗಿಲು ಮುಚ್ಚಿದ ಈ ವೇಷವನ್ನು ತಾನಾಗಿಯೇ ಆರಿಸಿಕೊಂಡ ಕಲಾವಿದನು, ಇನ್ನು ಮುಂದೆ ಭುಜ, ಬೆನ್ನು, ಮೊಣಕೈ, ಬೆರಳುಗಳಿಂದಲೇ ಎಲ್ಲವನ್ನೂ ಹೇಳುವ ವ್ರತವನ್ನು ಕೈಗೊಂಡಂತಾಯಿತು.

ಡಿಟ್ಕೊ ಹುಟ್ಟಿದ್ದು 1927ರಲ್ಲಿ, ಪೆನ್ಸಿಲ್ವೇನಿಯದ ಜಾನ್ಸ್‌ಟೌನ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ. ಚಿತ್ರವಿದ್ಯೆಯನ್ನು ಕಲಿತದ್ದು ನ್ಯೂಯಾರ್ಕಿನಲ್ಲಿ, ಬ್ಯಾಟ್‌ಮ್ಯಾನ್ ಚಿತ್ರಗಳಿಂದ ಪ್ರಸಿದ್ಧನಾಗಿದ್ದ ಜೆರ್ರಿ ರಾಬಿನ್ಸನ್ನನ ಬಳಿ. ಸಂದರ್ಶನಗಳನ್ನು ನಿರಾಕರಿಸುತ್ತಲೇ ದಶಕಗಳನ್ನು ಕಳೆದು, ತನ್ನ ಕೆಲಸವೇ ತನ್ನ ಪರವಾಗಿ ಮಾತನಾಡಲೆಂದು ಬಿಟ್ಟು, 2018ರಲ್ಲಿ ತೀರಿಕೊಂಡ ಈ ಏಕಾಂತಪ್ರಿಯನ ಕೈಯಿಂದ ಬಂದ ಪುಟಗಳಲ್ಲಿ ನಾನು ಮತ್ತೆ ಮತ್ತೆ ಮರಳಿ ನೋಡುವುದು ಆ ಐದನ್ನೇ.

ಸಂದರ್ಭವನ್ನು ಸ್ವಲ್ಪ ಹೇಳಬೇಕು. ಆ ಮುಸುಕಿನೊಳಗಿರುವ, ತಂದೆತಾಯಿಗಳಿಲ್ಲದ ಪೀಟರ್ ಪಾರ್ಕರನನ್ನು ಸಾಕಿದ ದೊಡ್ಡಮ್ಮ ಮೇ ಆಸ್ಪತ್ರೆಯಲ್ಲಿ ಮರಣೋನ್ಮುಖಳಾಗಿದ್ದಾಳೆ. ಹಿಂದೊಮ್ಮೆ ಅವಳನ್ನು ಉಳಿಸಲೆಂದು ಇವನು ಕೊಟ್ಟ ರಕ್ತದಲ್ಲಿದ್ದ ವಿಕಿರಣವೇ ಈಗ ಅವಳಿಗೆ ವಿಷವಾಗಿದೆ. ಅವಳನ್ನು ಬದುಕಿಸಬಲ್ಲ ಔಷಧವು ಒಂದು ಪುಟ್ಟ ಡಬ್ಬಿಯಲ್ಲಿ ಇವನ ಕಣ್ಣೆದುರಿಗೇ, ಕೈಗೆ ನಿಲುಕದಷ್ಟು ದೂರದಲ್ಲಿ ಬಿದ್ದಿದೆ. ಇವನಾದರೋ ಡಾಕ್ಟರ್ ಆಕ್ಟೋಪಸ್ ಎಂಬ ಖಳನ ನೀರಡಿಯ ಅಡಗುದಾಣದಲ್ಲಿ, ಬೆಟ್ಟದಂಥ ಯಂತ್ರವೊಂದರ ಕೆಳಗೆ ಸಿಕ್ಕಿಬಿದ್ದಿದ್ದಾನೆ. ಚಾವಣಿಯಿಂದ ನೀರು ಸೋರತೊಡಗಿದೆ. ಕಥಾವಸ್ತುವಾಗಿ ಇದರಲ್ಲಿ ಅಪೂರ್ವವಾದುದೇನೂ ಇಲ್ಲ; ಔಷಧಕ್ಕಾಗಿ ಪ್ರಾಣವನ್ನು ಪಣವೊಡ್ಡಿದ ಮಗನ ಕಥೆಯನ್ನು ಯಾವ ಅಜ್ಜಿಯೂ ಹೇಳಬಲ್ಲಳು. ಅಪೂರ್ವವಾದುದು ಪುಟದ ಮೇಲಿನ ವ್ಯವಸ್ಥೆ.

ಆರಂಭದಲ್ಲಿ ಚೌಕಗಳು ಕಿರಿದಾಗಿವೆ. ಯಂತ್ರದ ಕಪ್ಪು ರಾಶಿ ಮೇಲ್ಭಾಗವನ್ನೆಲ್ಲ ಆಕ್ರಮಿಸಿಕೊಂಡು, ಮನುಷ್ಯದೇಹವು ಚೌಕದ ಕೆಳಗಣ ಅಂಚಿಗೆ ಒತ್ತಿ ಹೋಗಿದೆ. ಯಂತ್ರದ ಭಾರ ಸಾಲದೆಂಬಂತೆ ಚೌಕದ ಗೆರೆಯೂ ಅವನನ್ನು ಅಮುಕುತ್ತಿದೆಯೆಂದು ನಮಗೆ ಭಾಸವಾಗುತ್ತದೆ. ಅವನು ಎತ್ತಲು ಯತ್ನಿಸುತ್ತಾನೆ, ಸೋಲುತ್ತಾನೆ, ತಲೆ ಬಾಗುತ್ತದೆ. ದೊಡ್ಡಮ್ಮನ ಮುಖವೂ, ತನ್ನ ಔದಾಸೀನ್ಯದಿಂದಾಗಿ ಹಿಂದೆ ಸತ್ತ ದೊಡ್ಡಪ್ಪ ಬೆನ್ನನ ಮುಖವೂ ಮನಸ್ಸಿನ ಮುಂದೆ ಸುಳಿಯುತ್ತವೆ. ಅಲ್ಲಿಂದ ಮುಂದಕ್ಕೆ ಚೌಕಗಳು ಹಿಗ್ಗತೊಡಗುತ್ತವೆ. ಬೆನ್ನು ಒಂದಿಷ್ಟು ಮೇಲೇಳುತ್ತದೆ, ತೋಳುಗಳು ನಡುಗುತ್ತ ನೇರವಾಗುತ್ತವೆ, ಯಂತ್ರವು ಅಂಗುಲ ಅಂಗುಲವಾಗಿ ಸರಿಯುತ್ತದೆ, ಆ ಒಂದೊಂದು ಅಂಗುಲಕ್ಕೂ ಪುಟದಲ್ಲಿ ಹೆಚ್ಚು ಹೆಚ್ಚು ಸ್ಥಳ ಸಲ್ಲುತ್ತದೆ. ಕಡೆಗೆ, ಐದನೆಯ ಪುಟಕ್ಕೆ ಬಂದರೆ, ಪುಟಕ್ಕೆ ಪುಟವೇ ಒಂದು ಚೌಕವಾಗಿ, ಯಂತ್ರವು ಮೇಲಕ್ಕೆ ಎಸೆಯಲ್ಪಟ್ಟು, ಅದರಡಿಯಿಂದ ಆ ಮುಖವಿಲ್ಲದ ತರುಣನು ಎದ್ದು ನಿಂತಿದ್ದಾನೆ. ಓದುಗನು ತನಗರಿವಿಲ್ಲದೆಯೇ ಬಿಗಿಹಿಡಿದಿದ್ದ ಉಸಿರನ್ನು ಬಿಡುವುದು ಆಗ. ಬಂಧನವನ್ನು ಇಕ್ಕಟ್ಟಾದ ಚೌಕದಿಂದಲೂ ಬಿಡುಗಡೆಯನ್ನು ವಿಸ್ತಾರವಾದ ಚೌಕದಿಂದಲೂ ಅನುಭವಕ್ಕೆ ತರುವ ಈ ಉಪಾಯ ಕಾದಂಬರಿಕಾರನಿಗೆ ದೊರಕದು. ಪರದೆಯ ಅಳತೆ ಬದಲಾಗದ ಸಿನಿಮಾದವನಿಗೂ ಸುಲಭವಾಗಿ ದೊರಕದು. ಅದು ಕಾಮಿಕ್ಸಿನ ಸ್ವಂತ ಸೊತ್ತು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಭಿತ್ತಿಯಲ್ಲಿ ರಾಮಾಯಣ ಭಾರತಗಳ ಕಥಾಪಟ್ಟಿಕೆಯನ್ನು ನೋಡುತ್ತ ನಡೆದವರು ಈ ಕಲೆಯ ಮರ್ಮವನ್ನು ಬೇಗ ಗ್ರಹಿಸಬಲ್ಲರು. ಅಲ್ಲಿ ಶಿಲ್ಪಿ ಒಂದು ಘಟನೆಯನ್ನು ಕಡೆದು, ಅದರ ಪಕ್ಕದಲ್ಲಿ ಮುಂದಿನದನ್ನು ಕಡೆದು, ನಡುವಣ ಕಾಲವನ್ನು ನೋಡುವವನ ಹೆಜ್ಜೆಗೆ ಬಿಟ್ಟಿದ್ದಾನೆ. ಕಾಮಿಕ್ಸಿನ ಪುಟದಲ್ಲಿ ಆ ಹೆಜ್ಜೆಯ ಕೆಲಸವನ್ನು ಮಾಡುವುದು ಎರಡು ಚೌಕಗಳ ನಡುವೆ ಬೆರಳಗಲವೂ ಇಲ್ಲದೆ ಹರಿಯುವ ಬಿಳಿಯ ಓಣಿ. ಎತ್ತಿದ ಮುಷ್ಟಿಗೂ ಉರುಳಿದ ಶತ್ರುವಿಗೂ ನಡುವಣ ಏಟನ್ನು ಆ ಓಣಿಯಲ್ಲಿ ಹಾಕುವವನು ಓದುಗನೇ. ಎಲ್ಲವನ್ನೂ ತೋರಿಸಿಬಿಡುವ ಚಿತ್ರಕಾರನಿಗಿಂತ, ಯಾವುದನ್ನು ಆ ಓಣಿಗೆ ಬಿಡಬೇಕೆಂದು ಬಲ್ಲವನು ದೊಡ್ಡವನು. ಆ ಐದು ಪುಟಗಳಲ್ಲಿ ಡಿಟ್ಕೊ ಓಣಿಗೆ ಬಿಟ್ಟದ್ದು ಬಹಳ ಸ್ವಲ್ಪ. ಪ್ರಯಾಸದ ಪ್ರತಿ ಘಟ್ಟವನ್ನೂ ನಾವು ಕಾಣುವಂತೆ ಕಾಲವನ್ನು ನಿಧಾನಗೊಳಿಸಿದ್ದಾನೆ. ಅದೂ ಒಂದು ಬಲ್ಲತನವೇ.

ಈ ಪುಟಗಳಲ್ಲಿ ಮಾತುಗಳೂ ಇವೆ, ಹೇರಳವಾಗಿಯೇ ಇವೆ. ನಾಯಕನು ಭಾರವನ್ನು ಹೊರುತ್ತಲೇ ಉದ್ದುದ್ದನೆಯ ಸ್ವಗತಗಳನ್ನು ಆಡುತ್ತಾನೆ. ಮಾತಿನ ಬಲೂನುಗಳನ್ನು ಕೈಯಿಂದ ಮುಚ್ಚಿ ನೋಡಿದರೂ ಕಥೆ ಒಂದಿಷ್ಟೂ ಕುಂದದೆ ನಿಲ್ಲುವುದನ್ನು ನಾನು ಕಂಡುಕೊಂಡಿದ್ದೇನೆ. ಅದಕ್ಕೆ ಕಾರಣ ಆ ಪುಟಗಳು ಹುಟ್ಟಿದ ಕ್ರಮದಲ್ಲಿಯೇ ಇದೆ. ಲೇಖಕನು ಚೌಕಚೌಕಕ್ಕೂ ಚಿತ್ರ ಹೇಗಿರಬೇಕೆಂದು, ಮಾತು ಯಾವುದಿರಬೇಕೆಂದು ಬರೆದುಕೊಟ್ಟು, ಚಿತ್ರಕಾರನು ಅದರಂತೆ ಬರೆಯುವುದು ಹಲವು ಸಂಸ್ಥೆಗಳ ರೂಢಿ. ನ್ಯೂಯಾರ್ಕಿನ ಮಾರ್ವೆಲ್ ಸಂಸ್ಥೆಯಲ್ಲಿ 1960ರ ದಶಕದಲ್ಲಿ ಕ್ರಮ ತಿರುಗುಮುರುಗಾಗಿತ್ತು. ಸಂಪಾದಕನೂ ಲೇಖಕನೂ ಆದ ಸ್ಟ್ಯಾನ್ ಲೀ ಏಕಕಾಲದಲ್ಲಿ ಅನೇಕ ಪತ್ರಿಕೆಗಳನ್ನು ನಡೆಸಬೇಕಾಗಿದ್ದುದರಿಂದ, ಕಥೆಯ ಹಂದರವನ್ನು ಮಾತಿನಲ್ಲಿಯೋ ಒಂದೆರಡು ಹಾಳೆಗಳಲ್ಲಿಯೋ ನಿಶ್ಚಯಿಸಿಕೊಂಡ ಬಳಿಕ, ಯಾವ ಘಟನೆಗೆ ಎಷ್ಟು ಪುಟ, ಯಾವ ಪುಟಕ್ಕೆ ಎಷ್ಟು ಚೌಕ, ಪಾತ್ರಗಳು ಯಾವಾಗ ಬರಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲವನ್ನೂ ಚಿತ್ರಕಾರನೇ ಪೆನ್ಸಿಲಿನಲ್ಲಿ ನಿರ್ಣಯಿಸಿ ಇಡೀ ಕಥೆಯನ್ನು ಬರೆದು ತರುತ್ತಿದ್ದನು. ಲೀ ಮಾತುಗಳನ್ನು ಕೂಡಿಸುತ್ತಿದ್ದುದು ಆಮೇಲೆ. ‘ಸ್ಪೈಡರ್‌ಮ್ಯಾನ್’ ವಿಷಯದಲ್ಲಿ 1965ರ ಹೊತ್ತಿಗೆ ಹಂದರವೂ ಡಿಟ್ಕೊನದೇ ಆಗಿ, ಆ ಸಂಗತಿಯನ್ನು ಪತ್ರಿಕೆಯ ಮೊದಲ ಪುಟದಲ್ಲಿಯೇ ಅಚ್ಚುಮಾಡುವ ಪರಿಪಾಠ ಬಂದಿತು. ಹೀಗಿರುವಾಗ ಕಥೆಗಾರನೆಂಬ ಬಿರುದನ್ನು ಮಾತು ಕೂಡಿಸಿದವನೊಬ್ಬನಿಗೇ ಕೊಡುವುದು ನ್ಯಾಯವಲ್ಲ.

ಲೀಯ ಪಾಲನ್ನು ಅಲ್ಲಗಳೆಯುವುದೂ ನ್ಯಾಯವಲ್ಲ. ಮಹಾವೀರರು ಮನೆಬಾಡಿಗೆಗೆ ಪರದಾಡುವಂತೆ, ತಮ್ಮತಮ್ಮಲ್ಲೇ ಜಗಳವಾಡುವಂತೆ, ಆಪತ್ಕಾಲದಲ್ಲಿಯೂ ವಿನೋದವಾಡುವಂತೆ ಅವರಿಗೆ ಒಂದು ನುಡಿಯ ಬನಿಯನ್ನು ಕೊಟ್ಟವನು ಅವನು. ಚಿತ್ರಕಾರನ, ಶಾಯಿಗಾರನ, ಅಕ್ಷರ ಬರೆಯುವವನ ಹೆಸರುಗಳನ್ನು ಪ್ರತಿ ಕಥೆಯ ಮೊದಲಿಗೆ ತಪ್ಪದೆ ಅಚ್ಚುಹಾಕಿಸಿ, ಓದುಗರು ಅವರನ್ನು ಹೆಸರಿನಿಂದ ಗುರುತಿಸುವಂತೆ ಮಾಡಿದವನೂ ಅವನೇ.

ಡಿಟ್ಕೊನದು ಸಂಕೋಚದ ಕಲೆಯಾದರೆ, ಅದೇ ಸಂಸ್ಥೆಗೆ ಅದೇ ವರ್ಷಗಳಲ್ಲಿ ಕೆಲಸ ಮಾಡಿದ ಜಾಕ್ ಕರ್ಬಿಯದು ಸ್ಫೋಟದ ಕಲೆ. ಜೇಕಬ್ ಕುರ್ಟ್ಸ್‌ಬರ್ಗ್ ಎಂಬ ಹೆಸರಿನಿಂದ 1917ರಲ್ಲಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಎಂಬ ಬಡವರ ಬೀಡಿನಲ್ಲಿ, ಆಸ್ಟ್ರಿಯದಿಂದ ವಲಸೆ ಬಂದ ಯೆಹೂದಿ ಕುಟುಂಬದಲ್ಲಿ ಹುಟ್ಟಿ, ಬೀದಿಯ ಹೊಡೆದಾಟಗಳ ನಡುವೆ ಬೆಳೆದ ಈತನು, ಅಮೆರಿಕ ಇನ್ನೂ ಎರಡನೆಯ ಮಹಾಯುದ್ಧಕ್ಕೆ ಇಳಿಯದಿದ್ದ ಕಾಲದಲ್ಲಿಯೇ, ಮಿತ್ರ ಜೋ ಸೈಮನ್ನನೊಡನೆ ಕ್ಯಾಪ್ಟನ್ ಅಮೆರಿಕನನ್ನು ಸೃಷ್ಟಿಸಿದನು. 1941ರ ಮಾರ್ಚ್ ದಿನಾಂಕದ ಮೊದಲ ಸಂಚಿಕೆಯ ಮುಖಪುಟದಲ್ಲಿ ಆ ವೀರನು ಹಿಟ್ಲರನ ದವಡೆಗೆ ಗುದ್ದುತ್ತಿರುವ ಚಿತ್ರವಿದೆ. ಆಮೇಲೆ ಸೈನಿಕನಾಗಿ ಫ್ರಾನ್ಸಿಗೆ ಹೋಗಿ ಯುದ್ಧವನ್ನು ಕಣ್ಣಾರೆ ಕಂಡು ಬಂದನು. 1961ರ ನವೆಂಬರ್ ದಿನಾಂಕದಲ್ಲಿ ಮೊದಲಾದ ‘ಫೆಂಟಾಸ್ಟಿಕ್ ಫೋರ್’ ಪತ್ರಿಕೆಯನ್ನು ಎಡೆಬಿಡದೆ 102 ಸಂಚಿಕೆಗಳವರೆಗೆ ಬರೆದನು; ಆ ಸಂಚಿಕೆಗಳ ಬಹುಭಾಗ ರೂಪುಗೊಂಡದ್ದು ಲಾಂಗ್ ಐಲೆಂಡಿನ ತನ್ನ ಮನೆಯ ನೆಲಮಾಳಿಗೆಯ ಕಿರುಕೋಣೆಯಲ್ಲಿ. ಅವನ ಪಾತ್ರಗಳ ಮುಷ್ಟಿ ಪುಟವನ್ನು ಭೇದಿಸಿ ಓದುಗನ ಮೂಗಿನವರೆಗೆ ಬರುತ್ತದೆ; ಕಾಲುಗಳು ಒಂದಕ್ಕೊಂದು ಇಷ್ಟು ದೂರ ಚಾಚಿರುತ್ತವೆಯೆಂದರೆ ದೇಹಶಾಸ್ತ್ರದ ಪಂಡಿತರು ಒಪ್ಪಲಾರರು. ವೇಗಕ್ಕಾಗಿ ಅಂಗಸೌಷ್ಠವವನ್ನು ಬಲಿಕೊಡುವುದು ಅವನು ತಿಳಿದೇ ಮಾಡಿದ ಆಯ್ಕೆ, ಮತ್ತು ನನ್ನ ದೃಷ್ಟಿಯಲ್ಲಿ ಯೋಗ್ಯವಾದ ಆಯ್ಕೆ.

ಅವನ ಕಲ್ಪನೆಯ ಔನ್ನತ್ಯವನ್ನು ಅಳೆಯಬೇಕಾದವರು ಆ ಪತ್ರಿಕೆಯ 48ರಿಂದ 50ರವರೆಗಿನ ಮೂರು ಸಂಚಿಕೆಗಳನ್ನು ನೋಡಬೇಕು. ಗ್ರಹಗಳನ್ನೇ ಆಹಾರವಾಗಿ ನುಂಗುವ ಗ್ಯಾಲಾಕ್ಟಸ್ ಎಂಬ ದೈತ್ಯನು ಭೂಮಿಗೆ ಬರುತ್ತಾನೆ; ಅವನಲ್ಲಿ ದ್ವೇಷವಿಲ್ಲ, ಹಸಿವು ಮಾತ್ರ ಉಂಟು. ಅವನಿಗೆ ಮುಂಚಿತವಾಗಿ, ಬೆಳ್ಳಿಯ ಮೈಯುಳ್ಳ ಒಬ್ಬ ದೂತನು ಹಲಗೆಯ ಮೇಲೆ ನಿಂತು ನಕ್ಷತ್ರಗಳ ನಡುವೆ ತೇಲಿ ಬರುತ್ತಾನೆ. ಈ ಸಿಲ್ವರ್ ಸರ್ಫರ್ ಎಂಬ ಪಾತ್ರವು ಅವರು ಮಾತನಾಡಿಕೊಂಡ ಹಂದರದಲ್ಲಿ ಇರಲೇ ಇಲ್ಲವೆಂದೂ, ಕರ್ಬಿ ಬರೆದು ತಂದ ಪುಟಗಳಲ್ಲಿಯೇ ತಾನು ಅವನನ್ನು ಮೊದಲು ಕಂಡೆನೆಂದೂ ಲೀ ತಾನೇ ಹೇಳಿಕೊಂಡಿದ್ದಾನೆ. ಮನೆಯ ಮಾಳಿಗೆಯಿಂದ ಮಾಳಿಗೆಗೆ ಉರುಳಿ ಆ ದೂತನು ಬೀಳುವುದು ಅಲಿಸಿಯ ಎಂಬ ಶಿಲ್ಪಿಯ ಮನೆಯಲ್ಲಿ. ಕುರುಡಿಯಾದ ಅವಳು ಕಣ್ಣಿನ ನೆರವಿಲ್ಲದೆಯೇ ಆತನಲ್ಲಿರುವ ಘನತೆಯನ್ನು ಗುರುತಿಸುತ್ತಾಳೆ, ಮನುಷ್ಯಕುಲದ ಪರವಾಗಿ ಅವನೊಡನೆ ವಾದಿಸುತ್ತಾಳೆ, ಅವನ ಮನಸ್ಸನ್ನು ತಿರುಗಿಸುತ್ತಾಳೆ. ಲೋಕ ಉಳಿದದ್ದಕ್ಕೆ ಆ ಮಾತುಕತೆಯೂ ಒಂದು ಮುಖ್ಯ ಕಾರಣ. ಪ್ರಳಯದ ಈ ಕಥೆ 50ನೆಯ ಸಂಚಿಕೆಯ ಮಧ್ಯದಲ್ಲಿಯೇ ಮುಗಿದು, ಉಳಿದ ಪುಟಗಳಲ್ಲಿ ಆ ಪತ್ರಿಕೆಯ ನಾಲ್ವರು ವೀರರಲ್ಲಿ ಕಿರಿಯವನು ಕಾಲೇಜಿಗೆ ಸೇರಲು ಹೊರಡುತ್ತಾನೆ; ಲೋಕ ಉಳಿದರೆ ಮಾರನೆಯ ದಿನ ಹುಡುಗರು ಕಾಲೇಜಿಗೆ ಹೋಗಬೇಕಷ್ಟೆ.

ಆಕಾಶದಲ್ಲಿ ಅನಿರ್ವಚನೀಯವಾದ ಶಕ್ತಿ ಸಂಚರಿಸುತ್ತಿದೆಯೆಂದು ತೋರಿಸಬೇಕಾದಾಗ ಕರ್ಬಿ ಬಳಸಿದ ಸಾಧನ ಅತ್ಯಂತ ಸರಳವಾದುದು: ಗುಂಪುಗುಂಪಾದ ಕಪ್ಪು ಬೊಟ್ಟುಗಳು. ದೊಡ್ಡವು ಚಿಕ್ಕವು ಒಂದಕ್ಕೊಂದು ಅಂಟಿಕೊಂಡ ಆ ಬೊಟ್ಟುಗಳ ನಡುವಣ ಖಾಲಿ ಜಾಗವೇ ಬೆಳಕಾಗಿ ಸಿಡಿಯುತ್ತದೆ. ಅಭಿಮಾನಿಗಳು ಇದನ್ನು ‘ಕರ್ಬಿ ಕ್ರ್ಯಾಕಲ್’ ಎಂದು ಕರೆದರು. ಇಂದಿಗೂ ಅದನ್ನು ಅನುಕರಿಸುವವರಿದ್ದಾರೆ. ಆದರೆ ಈ ಬ್ರಹ್ಮಾಂಡದ ವೈಭವವನ್ನು ಚಿತ್ರಿಸಿದ ಕೈಯೇ, ಮರುತಿಂಗಳ 51ನೆಯ ಸಂಚಿಕೆಯನ್ನು ಒಂದು ಬೀದಿಯ ಚಿತ್ರದಿಂದ ಆರಂಭಿಸಿತು. ಆ ನಾಲ್ವರಲ್ಲೊಬ್ಬನಾದ, ಬಂಡೆಯ ಮೈಯಾಗಿಹೋದ ಬೆನ್ ಗ್ರಿಮ್, ಸುರಿಯುವ ಮಳೆಯಲ್ಲಿ, ಯಾರೂ ಜೊತೆಗಿಲ್ಲದೆ ನಿಂತಿದ್ದಾನೆ; ಪುಟವೆಲ್ಲ ಅದೊಂದೇ. ಅಲ್ಲಿ ಹೊಡೆದಾಟವಿಲ್ಲ, ಖಳನಿಲ್ಲ. ಜೋ ಸಿನಾಟ್ ತುಂಬಿದ ಶಾಯಿಯ ಸ್ಫುಟವಾದ ಗೆರೆಗಳಲ್ಲಿ ಆ ಬಂಡೆಯ ಒಂದೊಂದು ಸೀಳೂ ಕಾಣುತ್ತದೆ. ಬಲಿಷ್ಠವಾದ ದೇಹದ ಆ ಇಳಿಬಿದ್ದ ನಿಲುವಿನಲ್ಲಿ ಏಕಾಕಿತನವು ಹೇಗೆ ಮೈದಾಳಿದೆಯೆಂಬುದನ್ನು ಅರಿಯಲು ಅನುವಾದಕನೇ ಬೇಡ. ಇಡೀ ಸೂಪರ್‌ಹೀರೊ ಸಾಹಿತ್ಯದಿಂದ ಒಂದೇ ಪುಟವನ್ನು ಉಳಿಸಿಕೊಳ್ಳಲು ಹೇಳಿದರೆ ನಾನು ಇದನ್ನು ಆರಿಸಿಕೊಳ್ಳುವೆನು.

ಈ ಪುಟಗಳ ಬಣ್ಣವನ್ನು ಕುರಿತು ಒಂದು ಮಾತು ಅಗತ್ಯ. ಅಚ್ಚಾಗುವ ಗಾತ್ರದ ಸುಮಾರು ಇಮ್ಮಡಿಯ ಹಾಳೆಯ ಮೇಲೆ ಕಪ್ಪಿನಲ್ಲಿ ಬರೆದ ಚಿತ್ರವನ್ನು ಕುಗ್ಗಿಸಿ, ಹಳದಿ, ಕೆಂಪು, ನೀಲಿ, ಕಪ್ಪು ಎಂಬ ನಾಲ್ಕೇ ಶಾಯಿಗಳಲ್ಲಿ, ಸಣ್ಣ ಸಣ್ಣ ಚುಕ್ಕೆಗಳ ಸಾಂದ್ರತೆಯಿಂದ ವರ್ಣಭೇದಗಳನ್ನು ಹೊರಡಿಸಿ, ಅತಿ ಅಗ್ಗದ ನ್ಯೂಸ್‌ಪ್ರಿಂಟಿನ ಮೇಲೆ ಮುದ್ರಿಸುತ್ತಿದ್ದರು. ಒಂದು ಬಣ್ಣವು ಇನ್ನೊಂದರ ಮೇಲೆ ಸರಿಯಾಗಿ ಕೂಡದೆ ಪಕ್ಕಕ್ಕೆ ಸರಿಯುವುದು ಸಾಮಾನ್ಯ. ಆದುದರಿಂದಲೇ ದಪ್ಪನೆಯ ಕಪ್ಪು ಗೆರೆ ಅವಶ್ಯವಾಯಿತು, ಆದುದರಿಂದಲೇ ವೀರರ ಉಡುಪುಗಳು ಅಪ್ಪಟ ಕೆಂಪು ನೀಲಿಗಳಾದವು. 1962ರಲ್ಲಿ ಮೊದಲ ಸಂಚಿಕೆಯಲ್ಲಿ ಬೂದುಬಣ್ಣದವನಾಗಿದ್ದ ಹಲ್ಕ್ ಎರಡನೆಯ ಸಂಚಿಕೆಗೆ ಹಸುರಾದದ್ದು ಕಥೆಯ ಕಾರಣದಿಂದಲ್ಲ. ಮುದ್ರಣದಲ್ಲಿ ಬೂದುಬಣ್ಣ ಪುಟದಿಂದ ಪುಟಕ್ಕೆ ಒಂದೇ ಸಮನಾಗಿ ನಿಲ್ಲದೆ ಹೋದುದರಿಂದ. ಈಚಿನ ಮರುಮುದ್ರಣಗಳಲ್ಲಿ ನುಣುಪಾದ ಹೊಳಪು ಕಾಗದದ ಮೇಲೆ ಕಂಪ್ಯೂಟರಿನಿಂದ ಬಳಿದ ಬಣ್ಣವು ಗೆರೆಯನ್ನು ಮೀರಿ ಕಣ್ಣಿಗೆ ಹೊಡೆಯುತ್ತದೆ. ಒರಟು ಕಾಗದ ಹೀರಿಕೊಳ್ಳುವುದೆಂದು ಎಣಿಸಿ ಆರಿಸಿದ ಬಣ್ಣವನ್ನು, ಏನನ್ನೂ ಹೀರದ ಕಾಗದಕ್ಕೆ ತಂದು ಹಚ್ಚುವುದು ಮೂಲಕ್ಕೆ ಬಗೆಯುವ ಅಪಚಾರವೆಂದೇ ನಾನು ಭಾವಿಸುತ್ತೇನೆ. ಹಳೆಯ ಪ್ರತಿ ಸಿಗದವರು ಮಂಕು ಕಾಗದದ ಮರುಮುದ್ರಣವನ್ನು ಹುಡುಕಿ ಕೊಳ್ಳುವುದು ಮೇಲು.

ದೋಷಗಳಿಲ್ಲವೆ? ಉಂಟು. ಆ ಕಾಲದ ಸ್ತ್ರೀಪಾತ್ರಗಳು ಬಹುಮಟ್ಟಿಗೆ ದುರ್ಬಲ. ‘ಫೆಂಟಾಸ್ಟಿಕ್ ಫೋರ್’ನ ಸೂ ಸ್ಟಾರ್ಮ್ ಅದೃಶ್ಯಳಾಗುವ ಶಕ್ತಿಯುಳ್ಳವಳಾಗಿಯೂ ಮೊದಲ ವರ್ಷಗಳಲ್ಲಿ ಸೆರೆಸಿಕ್ಕಿ ಕಾಯುವುದರಲ್ಲೇ ಕಾಲ ಕಳೆಯುತ್ತಾಳೆ. ವಿಕಿರಣವೆಂಬುದು ಮಂತ್ರದಂಡದಂತೆ ಬಳಕೆಯಾಗುತ್ತದೆ. ಇವನ್ನು ಮರೆಸುವ ಅಗತ್ಯವಿಲ್ಲ.

ಹೆಚ್ಚು ನೋವಿನ ಸಂಗತಿ ಬೇರೆ. 1938ರಲ್ಲಿ ಸೂಪರ್‌ಮ್ಯಾನನನ್ನು ಲೋಕಕ್ಕೆ ಕೊಟ್ಟ ಕ್ಲೀವ್‌ಲೆಂಡಿನ ತರುಣರಾದ ಜೆರ್ರಿ ಸೀಗೆಲ್, ಜೋ ಶುಸ್ಟರ್ ಇಬ್ಬರೂ ಆ ಪಾತ್ರದ ಸಕಲ ಹಕ್ಕುಗಳನ್ನು 130 ಡಾಲರುಗಳಿಗೆ ಬರೆದುಕೊಟ್ಟರು. ವಾರ್ಧಕ್ಯದ ಹೊಸಿಲಿನಲ್ಲಿ ಅವರು ಪಟ್ಟ ಕಷ್ಟವನ್ನು ಕಂಡು ಸಹಕಲಾವಿದರು ದನಿ ಎತ್ತಿದ ಮೇಲೆ, 1975ರಲ್ಲಿ, ಅವರಿಗೆ ವರ್ಷಾಶನವೂ ಕಥೆಯ ಮೇಲೆ ಹೆಸರೂ ದೊರೆತವು. ಆ 130 ಡಾಲರೂ ಸೇರಿದ್ದ ಚೆಕ್ಕು 2012ರ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು. ಕರ್ಬಿಗೂ ಡಿಟ್ಕೊಗೂ ದೊರೆಯುತ್ತಿದ್ದುದು ಪುಟಕ್ಕಿಷ್ಟೆಂಬ ಕೂಲಿ. ಪಾತ್ರಗಳ ಒಡೆತನವಿಲ್ಲ, ಲಾಭದಲ್ಲಿ ಪಾಲಿಲ್ಲ, ತಮ್ಮ ಕೈಬರೆಹದ ಹಾಳೆಗಳೂ ಹಿಂದಿರುಗುತ್ತಿರಲಿಲ್ಲ. ದೀರ್ಘ ಹೋರಾಟದ ಬಳಿಕ 1987ರಲ್ಲಿ ಕರ್ಬಿಗೆ ಹಿಂದಿರುಗಿದ್ದು ಅವನು ಬರೆದುದರ ಒಂದು ಸಣ್ಣ ಅಂಶ. 1994ರಲ್ಲಿ ಅವನು ತೀರಿಹೋದನು. ಅವನ ಮಕ್ಕಳಿಗೂ ಮಾರ್ವೆಲ್ ಸಂಸ್ಥೆಗೂ ನಡುವಣ ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 2014ರ ಸೆಪ್ಟೆಂಬರಿನಲ್ಲಿ. ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಅಮೇಜಿಂಗ್ ಫ್ಯಾಂಟಸಿ’ 15ನೆಯ ಸಂಚಿಕೆಗಾಗಿ ಡಿಟ್ಕೊ ಬರೆದ ಮೂಲ ಹಾಳೆಗಳು ಮಾತ್ರ, ಹೆಸರು ಹೇಳಬಯಸದ ದಾನಿಯೊಬ್ಬರಿಂದಾಗಿ, 2008ರಿಂದ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಸುರಕ್ಷಿತವಾಗಿವೆ.

ಚಿತ್ರಕಾರನನ್ನು ಮರೆಯುವುದು ಅಮೆರಿಕಕ್ಕೆ ಮಾತ್ರ ಸೇರಿದ ದೋಷವೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಇಂದ್ರಜಾಲ ಕಾಮಿಕ್ಸಿನ ಕಾಲದಿಂದ ಫ್ಯಾಂಟಮನನ್ನು ಮನೆಯವನಂತೆ ಬಲ್ಲ ನಮ್ಮವರಲ್ಲಿ, 1961ರಿಂದ ಮೂರು ದಶಕಗಳಿಗೂ ಮಿಗಿಲಾಗಿ ಆ ವೀರನನ್ನು ಬರೆದ ಸೈ ಬ್ಯಾರಿಯ ಹೆಸರನ್ನು ಕೇಳಿದವರು ವಿರಳ. ಅಮರ ಚಿತ್ರಕಥೆಯ ‘ಕೃಷ್ಣ’ವನ್ನು ಓದಿ ಬೆಳೆದವರಿಗೆ ಸಂಪಾದಕ ಅನಂತ ಪೈ ಗೊತ್ತು, ಆ ಕೃಷ್ಣನಿಗೆ ರೂಪ ಕೊಟ್ಟ ರಾಮ್ ವಾಯೀರ್ಕರ್ ಗೊತ್ತಿಲ್ಲ. ಆದುದರಿಂದ ಓದುಗರಲ್ಲಿ ಒಂದು ವಿಜ್ಞಾಪನೆ: ಇನ್ನೊಮ್ಮೆ ಒಂದು ಹಳೆಯ ಕಾಮಿಕ್ಸು ಕೈಗೆ ಬಂದಾಗ, ಅಥವಾ ಅದನ್ನು ಮಗುವಿನ ಕೈಗೆ ಕೊಡುವಾಗ, ಹೆಸರುಗಳು ಎಲ್ಲಿ ಅಚ್ಚಾಗಿವೆಯೆಂದು ಮೊದಲು ಹುಡುಕಿರಿ, ಪೆನ್ಸಿಲು ಹಿಡಿದವನ ಹೆಸರನ್ನು ಗಟ್ಟಿಯಾಗಿ ಓದಿರಿ, ಆಮೇಲೆ ಬಲೂನುಗಳ ಕಡೆ ನೋಡದೆ ಚಿತ್ರಗಳನ್ನಷ್ಟೇ ಒಂದು ಸಲ ಕೊನೆಯವರೆಗೆ ನೋಡಿ, ಮಾತುಗಳನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಿರಿ.